ಆಯಿಯ ಕಿವಿಯ ಕಡ್ಡಿ

ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನು ಬ್ಲೇಡು ಹಿಡಿದು ಪೆನ್ಸಿಲು ಕೆತ್ತುತ್ತ ಕೂತಿದ್ದೆ. ಫೋನಿನಲ್ಲಿ ಅವನ ಮಗ ವಿನೋದ ಅಳುತ್ತಿದ್ದ. ಕೇಳಿಸಿಕೊಂಡೆ, ಹೂಂ ಅಂದೆ, ಫೋನಿಟ್ಟು ಮತ್ತೆ ಕೆತ್ತತೊಡಗಿದೆ. ಮಣ್ಣಿಗೆ ಹೋಗಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅವ್ವ ಅಂದಳು. ಅವಳು ಹೇಳುವುದು ಸರಿಯೇ ಇರಬಹುದು. ಆದರೆ ನನಗೆ ಅನ್ನ ಹಾಕಿದ್ದು ಆ ಸಿಟ್ಟು, ಅದನ್ನು ಮನೆಯಿಂದ ಹೊರಗೆ ಹಾಕುವಷ್ಟು ಕೃತಘ್ನಳು ನಾನಲ್ಲ. ಬಣ್ಣದ ಪೆನ್ಸಿಲಿನಲ್ಲಿ ಮನುಷ್ಯರ ಮುಖ ಬರೆಯುವುದು ನನ್ನ ಕಸುಬು. ಯಾರಲ್ಲಿ ಕಲಿತಿರಿ ಎಂದು ಕೇಳುವವರಿಗೆ ಬಾಯಿಗೆ ಬಂದ ಉತ್ತರ ಕೊಟ್ಟು ಕಳಿಸುತ್ತೇನೆ. ನಾನು ಕಲಿತದ್ದು ಗಚ್ಚಿಬೌಲಿಯ ಮೂರಂತಸ್ತಿನ ಮನೆಯೊಂದರಲ್ಲಿ, ಕಾರು ನಿಲ್ಲಿಸುವ ಜಾಗಕ್ಕೆ ಅಂಟಿಕೊಂಡ ಒಂದು ಕೋಣೆಯಲ್ಲಿ. ಮನೆ ದೊಡ್ಡಪ್ಪನದು. ಕೋಣೆಯೂ ಅವನದೇ. ಅದನ್ನು ಅವನು ದಿನಕ್ಕೊಮ್ಮೆಯಾದರೂ ನೆನಪು ಮಾಡಿಕೊಡುತ್ತಿದ್ದ.

ದೊಡ್ಡಪ್ಪ ಸಿದ್ರಾಮಪ್ಪ ರಾಯಚೂರು ಕಡೆಯ ನಮ್ಮೂರಿನಿಂದ ಆಳುಗಳನ್ನು ರೈಲು ಹತ್ತಿಸಿ ತಂದು, ಕಟ್ಟಡಗಳಿಗೆ ಸೆಂಟ್ರಿಂಗ್ ಕೆಲಸ ಮಾಡಿಸುತ್ತಿದ್ದ. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಹಲಗೆ, ಬಲ್ಲಿ ಎನ್ನುವ ಮರದ ಕಂಬ ಕಟ್ಟಿ ನಿಲ್ಲಿಸುವ ಕೆಲಸ ಅದು. ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಾವೆಲ್ಲ ಒಂದೇ ಬಾಡಿಗೆ ಮನೆಯಲ್ಲಿದ್ದಾಗ ಅವನು ಸೈಕಲ್ ಮೇಲೆ ಓಡಾಡುತ್ತಿದ್ದ. ಆಮೇಲೆ ಗಚ್ಚಿಬೌಲಿಯ ಬಂಡೆಗಳನ್ನು ಸಿಡಿಸಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳತೊಡಗಿದವು. ಆ ಕಟ್ಟಡಗಳ ಜೊತೆ ದೊಡ್ಡಪ್ಪನೂ ಎದ್ದ. ಸೈಕಲ್ ಹೋಗಿ ಬೈಕು ಬಂತು, ಬೈಕು ಹೋಗಿ ಬಿಳಿ ಕಾರು ಬಂತು, ಕಾರು ನಿಲ್ಲಿಸಲು ಮನೆಯೂ ಬಂತು. ಮೇಲಿನ ಅಂತಸ್ತಿನಲ್ಲಿ ಅವನು, ದೊಡ್ಡವ್ವ, ವಿನೋದ. ನಡುವಿನ ಅಂತಸ್ತು ಬಾಡಿಗೆಗೆ. ಕೆಳಗೆ ಅಪ್ಪ, ಅವ್ವ, ನಾನು. ಅಪ್ಪ ತನ್ನ ಅಣ್ಣನ ಕೈಕೆಳಗೆ ಸ್ಟೋರು ನೋಡಿಕೊಳ್ಳುತ್ತಿದ್ದ, ಅವ್ವ ಸುತ್ತಲಿನ ಫ್ಲ್ಯಾಟುಗಳಲ್ಲಿ ಅಡುಗೆ ಮಾಡುತ್ತಿದ್ದಳು. ಭಾನುವಾರ ಬೆಳಿಗ್ಗೆ ಅವ್ವ ರೊಟ್ಟಿ ಬಡಿದರೆ ಬಾಡಿಗೆಯವರ ನಿದ್ದೆ ಕೆಡುತ್ತದೆ ಎಂದು ದೊಡ್ಡವ್ವ ಮೇಲಿನಿಂದ ಕೂಗುತ್ತಿದ್ದಳು. ಹಾಗಾಗಿ ಶನಿವಾರ ಸಂಜೆಯೇ ಬಡಿದಿಟ್ಟ ರೊಟ್ಟಿಯನ್ನು ಭಾನುವಾರ ನೀರು ಚಿಮುಕಿಸಿಕೊಂಡು ತಿನ್ನುತ್ತಿದ್ದೆವು. ಅದನ್ನು ಅಗಿಯುವಾಗ ಅಪ್ಪನ ದವಡೆಯ ನರ ಎದ್ದು ಕಾಣುತ್ತಿತ್ತು. ಅಣ್ಣನ ಎದುರಿಗೆ ಅವನು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಆಯಿ, ಅಂದರೆ ಅಪ್ಪನ, ದೊಡ್ಡಪ್ಪನ ತಾಯಿ, ಮೊದಲು ಮೇಲೆಯೇ ಇದ್ದಳು. ಗೃಹಪ್ರವೇಶದ ದಿನ ಅವಳ ಕೈಯಿಂದಲೇ ಹಾಲು ಉಕ್ಕಿಸಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ದೊಡ್ಡವ್ವ ಅವಳ ಕಿವಿಯ ಬೆಂಡೋಲೆ ಬಿಚ್ಚಿಸಿಕೊಂಡಳು. ಹೊಸ ಮನೆ, ಯಾರು ಯಾರೋ ಬಂದು ಹೋಗುತ್ತಾರೆ, ತಿಜೋರಿಯಲ್ಲಿ ಭದ್ರವಾಗಿರಲಿ ಎಂದಳು. ಬೆಂಡೋಲೆ ತಿಜೋರಿಯಿಂದ ಹೊರಬಂದದ್ದು ದೊಡ್ಡವ್ವನ ಕೈಯ ಬಳೆಗಳಾಗಿ. ಆಯಿ ಕಿವಿಯ ತೂತು ಮುಚ್ಚಿಹೋಗಬಾರದೆಂದು ಕಸಬರಿಗೆಯಿಂದ ಎರಡು ಕಡ್ಡಿ ಮುರಿದು ಸಿಕ್ಕಿಸಿಕೊಂಡಳು. ಆಮೇಲೆ ಅವಳ ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲ ಎಂದು ಕೆಳಗೆ ಕಳಿಸಿದರು. ನಮ್ಮ ಕೋಣೆಯಲ್ಲಿ ಇನ್ನೊಬ್ಬರು ಮಲಗುವಷ್ಟು ಜಾಗವಿರಲಿಲ್ಲ. ಮೆಟ್ಟಿಲ ಕೆಳಗೆ, ನೀರಿನ ಮೋಟರಿನ ಸ್ವಿಚ್ಚು ಇದ್ದ ಗೋಡೆಗೆ ಒತ್ತಿ ಅವಳ ಹಾಸಿಗೆ ಬಿತ್ತು. ಸ್ವಿಚ್ಚು ಹೇಗೂ ಪಕ್ಕದಲ್ಲೇ ಇದೆಯಲ್ಲ, ಟ್ಯಾಂಕು ತುಂಬಿದಾಗ ಬಂದ್ ಮಾಡು ಎಂದರು. ಪೇಂಟಿನ ಖಾಲಿ ಡಬ್ಬಿಯನ್ನು ಬೋರಲು ಹಾಕಿಕೊಂಡು ಅವಳು ಗೇಟಿನ ಬಳಿ ಕೂರುತ್ತಿದ್ದಳು. ಮೇಲಿಂದ ನೀರು ಸುರಿಯುವ ಸದ್ದು ಬಂದ ಕೂಡಲೇ ಗೋಡೆ ಹಿಡಿದು ಏಳುತ್ತಿದ್ದಳು. ಊಟಕ್ಕೆ ನಮ್ಮ ಜೊತೆ. ತನ್ನ ರೊಟ್ಟಿಯ ಮೆತ್ತನೆಯ ನಡುಭಾಗವನ್ನು ನನ್ನ ತಾಟಿಗೆ ಹಾಕಿ, ಅಂಚನ್ನು ತಾನು ಪುಂಡಿಪಲ್ಯದಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು.

ನನ್ನ ಪೆನ್ಸಿಲುಗಳು ಬರುತ್ತಿದ್ದುದು ಅವ್ವ ಅಡುಗೆ ಮಾಡುತ್ತಿದ್ದ ಮನೆಗಳಿಂದ. ಅಲ್ಲಿನ ಮಕ್ಕಳು ಎಸೆದ ತುಂಡುಗಳನ್ನು ಅವಳು ಸೆರಗಿನ ತುದಿಗೆ ಕಟ್ಟಿಕೊಂಡು ತರುತ್ತಿದ್ದಳು. ಬೆರಳಿಗೆ ಸಿಗದಷ್ಟು ಮೋಟಾದವನ್ನು ರೀಫಿಲ್ ತೆಗೆದ ಪೆನ್ನಿನ ಕೊಳವೆಗೆ ತುರುಕಿ ಉದ್ದ ಮಾಡಿಕೊಳ್ಳುತ್ತಿದ್ದೆ. ಕೆಂಪು, ನೀಲಿ, ಹಸಿರು ಸಿಗುತ್ತಲೇ ಇರಲಿಲ್ಲ, ಆ ಮಕ್ಕಳು ಅವನ್ನು ಪೂರ್ತಿ ಸವೆಸಿಬಿಡುತ್ತಿದ್ದರು. ಕಂದು, ಬೂದು, ಕಪ್ಪು, ಬಿಳಿ ಮಾತ್ರ ಯಾರೂ ಮುಟ್ಟದೆ ಬರುತ್ತಿದ್ದವು. ಅವುಗಳಿಂದ ಹೂವು ಬರೆಯಲು ಆಗುತ್ತಿರಲಿಲ್ಲ. ನಮ್ಮ ಮಂದಿಯನ್ನು ಬರೆಯಬಹುದಿತ್ತು. ಕಂದಿನ ಮೇಲೆ ಹಗುರವಾಗಿ, ಅಪರೂಪಕ್ಕೆ ಸಿಕ್ಕ ಹಳದಿ, ಅದರ ಮೇಲೆ ಬೂದು, ಕೊನೆಗೆ ಬಿಳಿ ಪೆನ್ಸಿಲಿನಿಂದ ಒತ್ತಿ ಉಜ್ಜಿದರೆ ಚರ್ಮಕ್ಕೆ ಬೆವರಿನ ಹೊಳಪು ಬರುತ್ತದೆ ಎಂಬುದನ್ನು ಅಪ್ಪನ ತೋಳು ನೋಡಿ ಕಂಡುಕೊಂಡೆ. ಒಣಗಿದ ರೀಫಿಲ್ಲಿನಿಂದ ಕಾಗದದ ಮೇಲೆ ಮೊದಲೇ ಗೀರು ಒತ್ತಿಟ್ಟುಕೊಂಡು ಆಮೇಲೆ ಬಣ್ಣ ಹಚ್ಚಿದರೆ ಆ ಗೀರು ಬಿಳಿಯಾಗಿ ಉಳಿಯುತ್ತದೆ, ಬಿಳಿ ಕೂದಲು ಹಾಗೆಯೇ ಬರುತ್ತದೆ. ಅದು ಗೊತ್ತಾದದ್ದು ಆಯಿಯ ತಲೆ ಬರೆಯುತ್ತ. ವಿನೋದನನ್ನು ದೊಡ್ಡಪ್ಪ ದೊಡ್ಡ ಕೋಚಿಂಗಿಗೆ ಹಾಕಿದ್ದ. ನನ್ನ ಕೈಯಲ್ಲಿ ಪೆನ್ಸಿಲು ಕಂಡಾಗಲೆಲ್ಲ ಅಪ್ಪನನ್ನು ಕರೆದು, ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೇನು, ಟೈಪಿಂಗಾದರೂ ಕಲಿಸು ಎನ್ನುತ್ತಿದ್ದ.

ನಡುವಿನ ಅಂತಸ್ತು ನೋಡಲು ರಾವ್ ಸಾರ್ ಬಂದದ್ದು ಒಂದು ಮಧ್ಯಾಹ್ನ. ದೊಡ್ಡ ಕಂಪನಿಯೊಂದರಲ್ಲಿ ಕಟ್ಟಡದ ಉಸ್ತುವಾರಿ ಅವರದು. ಅವರ ಕೈ ಹಿಡಿದರೆ ಹೊಸ ಕ್ಯಾಂಪಸ್ಸಿನ ಕೆಲಸ ಸಿಗುತ್ತದೆಂಬ ಆಸೆ ದೊಡ್ಡಪ್ಪನಿಗೆ. ಗೇಟಿನಲ್ಲಿ ಡಬ್ಬಿಯ ಮೇಲೆ ಕೂತಿದ್ದ ಆಯಿಯನ್ನು ಕಂಡು ರಾವ್ ಸಾರ್ ಈಕೆ ಯಾರು ಎಂದು ಹಿಂದಿಯಲ್ಲಿ ಕೇಳಿದರು. ನಾನು ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ. ದೊಡ್ಡಪ್ಪ ನಗುನಗುತ್ತಲೇ ಹೇಳಿದ:

"ಕಾಮ್‌ವಾಲಿ ಹೈ ಸಾರ್. ಗಾಂವ್ ಸೆ ಲಾಯೇ. ಮೋಟರ್ ದೇಖ್ತೀ."

ಊರಿಂದ ತಂದ ಕೆಲಸದವಳು, ಮೋಟರ್ ನೋಡಿಕೊಳ್ಳುತ್ತಾಳೆ. ಅವನು ಹಿಂದಿಯಲ್ಲಿ ಹೇಳಿದ್ದು ಮುದುಕಿಗೆ ತಿಳಿಯುವುದಿಲ್ಲ ಎಂದುಕೊಂಡು. ನಮ್ಮೂರು ನಿಜಾಮರ ಸೀಮೆಯದು, ಆಯಿ ಬಳೆಗಾರರ ಜೊತೆ, ಅತ್ತರಿನವರ ಜೊತೆ ಆ ಮಾತಿನಲ್ಲೇ ಜಗಳವಾಡಿ ಚೌಕಾಸಿ ಮಾಡುತ್ತಿದ್ದವಳು. ಅದನ್ನು ಅವಳ ಹಿರಿಯ ಮಗ ಮರೆತಿದ್ದ. ಅವರು ಮೆಟ್ಟಿಲು ಹತ್ತಿ ಹೋದ ಮೇಲೆ ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಮೇಲೆ ನೀರು ಸುರಿಯಿತು. ಎದ್ದು ಹೋಗಿ ಮೋಟರ್ ಬಂದ್ ಮಾಡಿ ಬಂದಳು. ನನ್ನ ಕೈಯಲ್ಲಿದ್ದ ಒದ್ದೆ ಲಂಗವನ್ನು ನಾನು ಹಿಂಡಿದ್ದೇ ಹಿಂಡಿದ್ದು.

ಮರುದಿನ ಆಯಿ ತಾನಾಗಿಯೇ ನನ್ನನ್ನು ಕರೆದು, ತನ್ನನ್ನು ಬರೆ ಎಂದಳು. ಅಲ್ಲಿಯವರೆಗೆ ಅವಳು ಅಂಥದ್ದನ್ನು ಕೇಳಿದವಳಲ್ಲ. ಮಧ್ಯಾಹ್ನವೆಲ್ಲ ಡಬ್ಬಿಯ ಮೇಲೆ ಕಲ್ಲಿನಂತೆ ಕೂತಳು. ಅವಳಿಗೆ ಖುಷಿಯಾಗಲೆಂದು ನಾನು ಕಿವಿಗೆ ಬೆಂಡೋಲೆ ಬರೆದೆ, ಇದ್ದಬಿದ್ದ ಹಳದಿಯನ್ನೆಲ್ಲ ಅದಕ್ಕೇ ಸುರಿದೆ. ಆಯಿ ಕಾಗದವನ್ನು ಕಣ್ಣಿನ ಹತ್ತಿರ ತಂದು ನೋಡಿದಳು.

"ಇದನ್ನ ಅಳಿಸು," ಅಂದಳು. "ಇಲ್ಲದ್ದು ಯಾಕ ಬರಿತಿ? ನನ್ನ ಕಿವ್ಯಾಗ ಏನೈತಿ ಅದನ್ನ ಬರಿ."

ಬಣ್ಣದ ಪೆನ್ಸಿಲು ಅಳಿಸಿದರೆ ಪೂರ್ತಿ ಹೋಗುವುದಿಲ್ಲ. ಹೊಸ ಹಾಳೆ ತೆಗೆದುಕೊಂಡೆ. ಈ ಸಲ ಕಣ್ಣು ಬಿಟ್ಟು ನೋಡಿದೆ. ಅಷ್ಟು ದಿನ ಎದುರು ಕೂತು ಉಂಡ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಜೋತುಬಿದ್ದ ಕಿವಿಯ ಹಾಲೆ, ಅದರ ಉದ್ದನೆಯ ತೂತು, ಅದರೊಳಗಿನ ಕಡ್ಡಿಯ ಮುರಿದ ತುದಿ, ಕೆಳತುಟಿಯನ್ನು ಒಳಗೆ ಕಚ್ಚಿ ಹಿಡಿಯುವ ರೀತಿ. ಎಲ್ಲ ಬರೆದೆ. ಆಯಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅವ್ವನಿಂದ ಅನ್ನದ ಅಗುಳು ಇಸಿದುಕೊಂಡು ಸ್ವಿಚ್ಚಿನ ಪಕ್ಕದ ಗೋಡೆಗೆ ಅಂಟಿಸಿದಳು.

ಅದು ಅಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ರಾವ್ ಸಾರ್ ಸಾಮಾನು ತರುವ ದಿನ ದೊಡ್ಡಪ್ಪನ ಕಣ್ಣಿಗೆ ಬಿತ್ತು. ಅವನು ಬೈಯಲಿಲ್ಲ, ಹರಿಯಲೂ ಇಲ್ಲ. ಗೋಡೆಯಿಂದ ಕಿತ್ತು, ಮುದ್ದೆ ಮಾಡಿ, ಬಕೆಟ್ಟಿನ ನೀರಿನಲ್ಲಿ ಅದ್ದಿ, ಕಾರಿನ ಮುಂದಿನ ಗಾಜು ಒರೆಸಿದ. ನಿಧಾನಕ್ಕೆ, ಮೂಲೆಮೂಲೆಯನ್ನೂ ಒರೆಸಿದ. ಕಾಗದ ಪುಡಿಪುಡಿಯಾಗಿ ಉದುರಿತು. ನಾನು ನೋಡುತ್ತ ನಿಂತಿದ್ದೆ, ಆಯಿ ನೋಡುತ್ತ ಕೂತಿದ್ದಳು. ಕಾರು ಹೋದ ಮೇಲೆ ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡು, ಹೋಗಲಿ ಬಿಡು, ನಿನ್ನ ಕೈ ಐತಲ್ಲ ಅಂದಳು. ಆವತ್ತೇ ತೀರ್ಮಾನಿಸಿದೆ. ಏನು ಮಾಡುತ್ತೇನೆಂದು ಗೊತ್ತಿರಲಿಲ್ಲ, ಮಾಡುತ್ತೇನೆ ಎಂಬುದು ಮಾತ್ರ ಗೊತ್ತಿತ್ತು. ಅಲ್ಲಿಂದ ಮುಂದೆ ಸಿಕ್ಕ ಕಾಗದದ ಮೇಲೆಲ್ಲ ಆಯಿಯನ್ನು ಬರೆದೆ. ಅವಳ ಮುಖ ನೋಡದೆಯೇ ಬರೆಯುವಷ್ಟು ನನ್ನ ಕೈಗೆ ಬರುವ ತನಕ ಬರೆದೆ. ಬರೆದದ್ದನ್ನೆಲ್ಲ ಅವ್ವ ಒಲೆಗೆ ಹಾಕುತ್ತಿದ್ದಳು, ಮತ್ತೆ ಜಗಳ ಬೇಡವೆಂದು.

ಆಯಿ ಮಳೆಗಾಲದ ಜ್ವರದಲ್ಲಿ ಹೋದಳು. ಜ್ವರ ಇಳಿಯುತ್ತದೆ ಎಂದು ಮೇಲಿನವರು ಅಂದರು. ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಟೋ ತಂದಾಗ ತಡವಾಗಿತ್ತು. ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿ ಬಂದೆವು. ರಾವ್ ಸಾರ್ ಅವರಿಗೆ, ಕೆಲಸದವಳು ಊರಿಗೆ ಹೋದಳು ಎಂದಷ್ಟೇ ದೊಡ್ಡಪ್ಪ ಹೇಳಿದ. ವರ್ಷ ತುಂಬುವಷ್ಟರಲ್ಲಿ ದೊಡ್ಡಪ್ಪನಿಗೆ ತಾಯಿ ಬೇಕಾದಳು. ಹೊಸ ಕ್ಯಾಂಪಸ್ಸಿನ ಕೆಲಸ ಸಿಕ್ಕಿತ್ತು, ದೊಡ್ಡ ದೊಡ್ಡವರ ಓಡಾಟ ಶುರುವಾಗಿತ್ತು. ತಾಯಿಯ ವರ್ಷದ ಪೂಜೆಯನ್ನು ಮನೆಯ ಮಾಳಿಗೆಯ ಮೇಲೆ ಶಾಮಿಯಾನ ಹಾಕಿಸಿ ಎಲ್ಲರೂ ನೋಡುವಂತೆ ಮಾಡಬೇಕೆಂದ. ಪೂಜೆಗೆ ಇಡಲು ಫೋಟೋ ಇರಲಿಲ್ಲ. ಮೂರಂತಸ್ತಿನ ಮನೆ ಕಟ್ಟಿದವನು ತಾಯಿಯ ಒಂದು ಫೋಟೋ ತೆಗೆಸಿರಲಿಲ್ಲ. ವೋಟರ್ ಕಾರ್ಡಿನಲ್ಲಿದ್ದುದನ್ನು ಸಿಕಂದರಾಬಾದಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದರೆ ಕಪ್ಪು ಮಸಿ ಬಂತು. ಆಗ ಅವನು ನಮ್ಮ ಕೋಣೆಯ ಬಾಗಿಲಿಗೆ ಬಂದ. ಮೊದಲ ಸಲ ಚಪ್ಪಲಿ ಬಿಟ್ಟು ಒಳಗೆ ಬಂದ.

"ನೀಲವ್ವಾ, ನಿನಗ ಆಯಿ ಮುಖ ನೆನಪೈತಿಲ್ಲ? ಒಂದು ಛಲೋ ಚಿತ್ರ ಬರದು ಕೊಡು. ರೇಷ್ಮಿ ಸೀರಿ ಇರಬೇಕು. ಕಿವ್ಯಾಗ ಬೆಂಡೋಲಿ ಹಾಕು, ದೊಡ್ಡವು. ನಗಾಕತ್ತಿರಬೇಕು."

ಆಗಲಿ ಎಂದೆ. ಬಣ್ಣ ಬೇಕಲ್ಲ ಎಂದೆ. ಮರುದಿನ ಅವನು ತಂದುಕೊಟ್ಟ ಪೆನ್ಸಿಲುಗಳ ತಗಡಿನ ಡಬ್ಬಿ ಎಷ್ಟು ದೊಡ್ಡದಿತ್ತೆಂದರೆ ಅವ್ವ ಅದನ್ನು ಮುಟ್ಟಲು ಹೆದರಿದಳು. ಕಂದಿನಲ್ಲೇ ಎಷ್ಟೊಂದು ಕಂದು. ಎಲ್ಲವೂ ಪೂರ್ತಿ ಉದ್ದ, ಯಾರ ಹಲ್ಲಿನ ಗುರುತೂ ಇಲ್ಲದವು. ಅವುಗಳಿಂದ ನಾನು ದೊಡ್ಡಪ್ಪನಿಗೆ ಬೇಕಾದ ತಾಯಿಯನ್ನು ಬರೆದೆ. ನೇರಳೆ ರೇಷ್ಮೆ, ಕೊರಳ ತುಂಬ ಚಿನ್ನ, ಹೊಳೆಯುವ ಬೆಂಡೋಲೆ, ತುಂಬು ನಗು. ಅದನ್ನು ಒಯ್ದು ತೋರಿಸಿದಾಗ ಅವನ ಕಣ್ಣು ಒದ್ದೆಯಾಯಿತು, ದೊಡ್ಡವ್ವ ಗಲ್ಲ ಮುಟ್ಟಿ ಹೊಗಳಿದಳು. ಇನ್ನೊಂದಿಷ್ಟು ತಿದ್ದುವುದಿದೆ, ಮುಗಿಸಿ ಫ್ರೇಮಿಗೆ ಅಪ್ಪನ ಕೈಯಲ್ಲಿ ಕಳಿಸುತ್ತೇನೆ ಎಂದು ಹೇಳಿ ಕೆಳಗೆ ತಂದೆ.

ಆಮೇಲಿನ ಮಧ್ಯಾಹ್ನಗಳನ್ನೆಲ್ಲ ಮಾಳಿಗೆಯಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕಳೆದೆ. ಅವನ ಕಾಸಿನ ಪೆನ್ಸಿಲಿನಿಂದಲೇ ಆಯಿಯನ್ನು ಬರೆದೆ. ಒಣ ರೀಫಿಲ್ಲಿನಿಂದ ಒಂದೊಂದು ಬಿಳಿ ಕೂದಲು ಒತ್ತಿದೆ. ಮಾಸಿದ ಸೀರೆ, ಕಚ್ಚಿ ಹಿಡಿದ ತುಟಿ, ಹಿಂದೆ ಮೋಟರಿನ ಸ್ವಿಚ್ಚು, ಕೂತ ಡಬ್ಬಿಯ ಅಂಚು. ಕಿವಿಯ ಕಡ್ಡಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದನ್ನು ಬರೆಯುವ ಮುನ್ನ ಎದ್ದು ಹೋಗಿ ನೀರು ಕುಡಿದು ಬಂದೆ. ಅವಳನ್ನು ಪ್ರೀತಿಯಿಂದ ಬರೆದೆ ಎಂದು ಈಗ ಹೇಳಿದರೆ ಚೆನ್ನಾಗಿರುತ್ತದೆ. ಪ್ರೀತಿಯಿಂದ ನಾನು ಬೇರೆ ಎಷ್ಟೋ ಚಿತ್ರ ಬರೆದಿದ್ದೇನೆ, ಅವು ಯಾವುವೂ ಅಷ್ಟು ಚೆನ್ನಾಗಿ ಬಂದಿಲ್ಲ. ನನ್ನ ಕಣ್ಣ ಮುಂದೆ ಇದ್ದುದು ರಾವ್ ಸಾರ್. ಗೇಟಿನಲ್ಲಿ ಕಂಡ ಹೆಂಗಸನ್ನು ಅವರು ನೋಡಿದ ಕೂಡಲೇ ಗುರುತಿಸಬೇಕು, ಕ್ಷಣವೂ ಯೋಚಿಸಬಾರದು. ಅಷ್ಟು ಸರಿಯಾಗಿ ಬರಬೇಕಿತ್ತು. ಬಂತು. ಅದನ್ನು ಸುರುಳಿ ಸುತ್ತಿ, ದಾರ ಕಟ್ಟಿ ಅಪ್ಪನ ಕೈಗೆ ಕೊಟ್ಟೆ. ರೇಷ್ಮೆ ಸೀರೆಯ ಆಯಿಯನ್ನು ನನ್ನ ಹಾಸಿಗೆಯ ಕೆಳಗೆ ಇಟ್ಟೆ.

ಪೂಜೆಯ ದಿನ ಅಪ್ಪ ಬೇಗಂಪೇಟೆಯಿಂದ ಫ್ರೇಮನ್ನು ಪೇಪರು ಸುತ್ತಿಸಿಕೊಂಡು ತಂದ. ದೊಡ್ಡಪ್ಪ ಗೇಟಿನಲ್ಲಿ ಬಂದವರಿಗೆ ಕೈಮುಗಿಯುತ್ತಿದ್ದ. ವಿನೋದ ಪೇಪರು ಬಿಚ್ಚಿ ಚಿತ್ರವನ್ನು ಕುರ್ಚಿಯ ಮೇಲೆ ಇಟ್ಟ. ಯಾವ ಚಿತ್ರ ಇರಬೇಕಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಅಯ್ಯನೋರು ಗಾಜಿನ ಮೇಲೆ ವಿಭೂತಿ ಹಚ್ಚಿ, ಹಾರ ಹಾಕಿ, ದೀಪ ಬೆಳಗಿದರು. ಊರಿನಿಂದ ಬಂದ ಹೆಂಗಸರು ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡರು. ದೊಡ್ಡವ್ವ ಅಡುಗೆಯವರ ಜೊತೆ ಕೂಗಾಡಿ ಬರುವಷ್ಟರಲ್ಲಿ ಪೂಜೆ ಶುರುವಾಗಿತ್ತು. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು. ವಿಭೂತಿ ಬಿದ್ದದ್ದನ್ನು ಎಲ್ಲರೆದುರು ಎತ್ತಿ ಒಯ್ಯುವುದು ಹೇಗೆ? ನಿಂತೇ ಇದ್ದಳು. ಆಗ ದೊಡ್ಡಪ್ಪ ರಾವ್ ಸಾರ್ ಅವರನ್ನು ತೋಳು ಹಿಡಿದು ಮೇಲೆ ಕರೆತಂದ. ನಮ್ಮ ತಾಯಿಗೆ ಕೈಮುಗಿಯಿರಿ ಎಂದು ಹಿಂದಿಯಲ್ಲೇ ಹೇಳುತ್ತ ಬಂದ. ರಾವ್ ಸಾರ್ ಬೂಟು ಬಿಚ್ಚಿಟ್ಟು, ಹೂವು ತೆಗೆದುಕೊಂಡು ಬಾಗಿದರು. ಬಾಗಿದವರು ಹಾಗೆಯೇ ನಿಂತರು.

"ಅರೆ, ಯೇ ತೊ ಮೋಟರ್ ಅಮ್ಮಾ ಹೈ," ಅಂದರು. "ಸಿದ್ರಾಮ್‌ಜೀ, ಯೇ ಆಪ್‌ಕೀ ಕಾಮ್‌ವಾಲಿ ಥೀ ನಾ?"

ಅವರ ದನಿಯಲ್ಲಿ ಕುಹಕ ಇರಲಿಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ ನಮಸ್ಕಾರ ಹೇಳುತ್ತಿದ್ದ ಮುದುಕಿಯನ್ನು ಗುರುತು ಹಿಡಿದ ಸಂತೋಷವೇ ಇತ್ತು. ಮಾತು ಬಾಯಿಂದ ಬಿದ್ದ ಮೇಲೆ ಅವರಿಗೆ ಹಾರ ಕಂಡಿತು, ದೀಪ ಕಂಡಿತು, ಸುತ್ತ ಕೂತವರು ಕಂಡರು. ಮೆಲ್ಲಗೆ ತಿರುಗಿ ದೊಡ್ಡಪ್ಪನ ಮುಖ ನೋಡಿದರು. ರಾಯಚೂರು ಸೀಮೆಯ ಮಂದಿಗೆ ಕಾಮ್‌ವಾಲಿ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೊಡ್ಡಪ್ಪ ಆಯಿಯಂತೆಯೇ ಕೆಳತುಟಿಯನ್ನು ಒಳಗೆ ಕಚ್ಚಿದ. ಅಷ್ಟರಲ್ಲಿ ಆಯಿಯ ತಂಗಿ, ನಮ್ಮ ಚಿಕ್ಕಾಯಿ, ಕೋಲು ಊರಿಕೊಂಡು ಎದ್ದು ಚಿತ್ರದ ಹತ್ತಿರ ಹೋದಳು. ಗಾಜಿನ ಮೇಲಿಂದ ಕಿವಿಯನ್ನು ಮುಟ್ಟಿದಳು. ಆಮೇಲೆ ದೊಡ್ಡವ್ವನ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದಳು:

"ಯವ್ವಾ, ನಮ್ಮವ್ವ ಆಕಿಗೆ ಹಾಕಿದ ಬೆಂಡೋಲಿ ಎಲ್ಲಿ ಅದಾವು? ನಮ್ಮಕ್ಕನ ಕಿವ್ಯಾಗ ಕಸಬರಿಗಿ ಕಡ್ಡಿ ಯಾಕೈತಿ?"

ದೊಡ್ಡವ್ವ ಬಳೆ ಹಾಕಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅದನ್ನು ಅಲ್ಲಿದ್ದ ಹೆಂಗಸರೆಲ್ಲ ನೋಡಿದರು. ರಾವ್ ಸಾರ್ ಹೂವನ್ನು ಚಿತ್ರದ ಮುಂದೆ ಇಟ್ಟು, ಕೈಮುಗಿದು, ಊಟಕ್ಕೆ ನಿಲ್ಲದೆ ಇಳಿದು ಹೋದರು. ದೊಡ್ಡಪ್ಪ ಅವರ ಹಿಂದೆ ಹೋಗಲಿಲ್ಲ. ನೇರ ನನ್ನ ಹತ್ತಿರ ಬಂದ.

"ಹಿಂಗ ಬರಿ ಅಂತ ನಿನಗ ಯಾರು ಹೇಳ್ಯಾರ?"

"ಆಯಿ ಹೇಳ್ಯಾಳರಿ," ಅಂದೆ.

ಅವನ ಕೈ ಅರ್ಧ ಎದ್ದಿತು. ಊರ ಮಂದಿಯೆಲ್ಲ ನೋಡುತ್ತಿದ್ದರು, ಕೈ ಅಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಎಷ್ಟು ಸಾಧ್ಯವೋ ಅಷ್ಟು ಹೊತ್ತು ನೋಡಿದೆ, ಕೈಗೆ ಬರುವ ಹಾಗೆ ನೋಡಿದೆ. ಆ ಮಧ್ಯಾಹ್ನ ಬಹಳ ಮಂದಿ ಸರಿಯಾಗಿ ಉಣ್ಣಲಿಲ್ಲ. ನಾನು ಗೋಧಿ ಹುಗ್ಗಿಯನ್ನು ಮತ್ತೆ ಹಾಕಿಸಿಕೊಂಡು, ತುಪ್ಪ ಕೇಳಿ ಬಿಡಿಸಿಕೊಂಡು ತಿಂದೆ. ಚಿತ್ರವನ್ನು ಚಿಕ್ಕಾಯಿ ಬಿಡಲಿಲ್ಲ. ನಮ್ಮಕ್ಕನನ್ನು ನಾನು ಒಯ್ಯುತ್ತೇನೆ, ಈ ಮನೆಯಲ್ಲಿ ಆಕೆಗೆ ಜಾಗವಿಲ್ಲ ಎಂದು ತನ್ನ ಸೀರೆಯಲ್ಲಿ ಸುತ್ತಿ ಸಂಜೆಯ ರೈಲಿಗೆ ತೆಗೆದುಕೊಂಡು ಹೋದಳು. ಊರಿನಲ್ಲಿ ಅವಳ ಮನೆಯ ಪಡಸಾಲೆಯಲ್ಲಿ ಅದು ಈಗಲೂ ಇದೆ. ದೊಡ್ಡಪ್ಪ ಆಮೇಲೆ ಊರಿಗೆ ಹೋದಾಗೆಲ್ಲ ಆ ಓಣಿ ಬಿಟ್ಟು ಬಳಸಿ ಹೋಗುತ್ತಿದ್ದನಂತೆ.

ಮರುದಿನ ಬೆಳಿಗ್ಗೆ ಕೋಣೆ ಖಾಲಿ ಮಾಡಿ ಎಂದು ವಿನೋದನ ಕೈಯಲ್ಲಿ ಹೇಳಿ ಕಳಿಸಿದರು. ಅಪ್ಪನಿಗೆ ಸ್ಟೋರಿನ ಕೆಲಸವೂ ಹೋಯಿತು. ಅವ್ವ ಅಳುತ್ತ ಪಾತ್ರೆ ಕಟ್ಟಿದಳು, ನನ್ನನ್ನು ಬೈಯುತ್ತ ಹಾಸಿಗೆ ಸುತ್ತಿದಳು. ಕೋಣೆ ಗುಡಿಸಿದ ಮೇಲೆ ನಾನು ರೇಷ್ಮೆ ಸೀರೆಯ ಆಯಿಯನ್ನು ಬರಿ ನೆಲದ ನಡುವೆ, ಬಾಗಿಲು ತೆರೆದವರಿಗೆ ಮೊದಲು ಕಾಣುವಂತೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟೆ. ಅವನಿಗೆ ಬೇಕಾಗಿದ್ದ ತಾಯಿಯನ್ನು ಅವನಿಗೇ ಬಿಟ್ಟೆ. ಪೆನ್ಸಿಲಿನ ಡಬ್ಬಿಯನ್ನು ಮಾತ್ರ ಬಿಡಲಿಲ್ಲ.

ಲಿಂಗಂಪಲ್ಲಿಯ ಕಡೆ ಒಂದು ತಗಡಿನ ಕೋಣೆ ಸಿಕ್ಕಿತ್ತು. ಟ್ರಾಲಿ ಆಟೋದ ಹಿಂದೆ ಸಾಮಾನಿನ ನಡುವೆ ಅಪ್ಪ, ನಾನು ಕೂತೆವು. ಅವ್ವ ಮುಂದೆ ಡ್ರೈವರಿನ ಪಕ್ಕ. ಗಾಜಿನ ಕಟ್ಟಡಗಳು ಹಿಂದೆ ಸರಿಯುತ್ತಿದ್ದವು. ಅಪ್ಪನ ಮುಖ ನೋಡಿ ಮೊದಲ ಸಲ ನನಗೆ ಭಯವಾಯಿತು. ಚಿತ್ರ ಬದಲಿಸಿದ್ದು ನಾನೇ, ನಿನಗೆ ಗೊತ್ತಿಲ್ಲದಂತೆ ಸುರುಳಿ ಕಟ್ಟಿ ಕೊಟ್ಟೆ ಎಂದೆ. ಅವನು ಸ್ಟವ್ವನ್ನು ತೊಡೆಯ ಮೇಲಿಂದ ಪಕ್ಕಕ್ಕೆ ಸರಿಸಿದ.

"ಗೊತ್ತೈತಿ," ಅಂದ. "ಫ್ರೇಮಿನಾವ ಗಾಜು ಕೂಡಿಸೋ ಮುಂದ ನನಗ ತೋರ್ಸಿದ."

ಹಾಗಿದ್ದರೆ ಯಾಕೆ ತಂದೆ ಎಂದು ಕೇಳಿದೆ. ಅಪ್ಪ ರಸ್ತೆಯ ಕಡೆ ನೋಡುತ್ತಿದ್ದ.

"ಕಿವಿ ಮ್ಯಾಲ ಪೆನ್ಸಿಲಿನ ಪುಡಿ ಕೂತಿತ್ತು, ಕಡ್ಡಿ ಸರಿ ಕಾಣ್ತಿದ್ದಿಲ್ಲ," ಅಂದ. "ಮೊದಲು ಅದನ್ನ ಊದು, ಆಮ್ಯಾಲ ಗಾಜು ಹಾಕು ಅಂದೆ."